ಶುಕ್ರವಾರದ ಎಣ್ಣೆ

ನಮ್ಮ ಬೀದಿಯ ಮೂಲೆಯಲ್ಲಿ ಸಿಗ್ನಲ್ ಕಂಬವೊಂದು ಹಕ್ಕಿಮರಿಯ ಹಾಗೆ ಕೂಗುತ್ತದೆ. ಗಾಡಿಗಳು ಹೋಗುವಾಗ ನಿಧಾನವಾಗಿ, ನಡೆಯುವವರ ಸರದಿ ಬಂದಾಗ ಅವಸರ ಅವಸರವಾಗಿ. ತರಾಜ್ ಊರಿನ ಬೇರೆ ಮೂಲೆಗಳಲ್ಲಿ ಕಂಬಗಳು ಸುಮ್ಮನೆ ನಿಂತಿರುತ್ತವೆ. ಇದು ಅಂಧರ ಸಂಘ ಕಟ್ಟಿಸಿದ ಮನೆಗಳ ಬೀದಿಯಾದ್ದರಿಂದ ಇಲ್ಲಿ ಮಾತ್ರ ಕೂಗು. ಸಂಘದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಬೆಳಗಿನ ಹೊತ್ತು ಆ ಕೂಗಿನ ಜೊತೆ ಕೋಲುಗಳ ಟಕಟಕವೂ ಸೇರುತ್ತಿತ್ತಂತೆ. ಈಗ ಕಾರ್ಖಾನೆಯ ಜಾಗದಲ್ಲಿ ಸೋಫಾ ಮಾರುವ ಅಂಗಡಿಯಿದೆ. ಹಿಮ ಬಿದ್ದ ದಿನ ಕಂಬದ ದನಿ ಹತ್ತಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಂಥ ದಿನ ಉರ್ಕಿಯಾ ಮನೆ ಬಿಟ್ಟು ಹೊರಡುವುದಿಲ್ಲ.

ಉರ್ಕಿಯಾಳ ಮನೆ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ. ದಡಾರ ಎದ್ದು ಕಣ್ಣು ಹೋದಾಗ ಅವಳಿಗಿನ್ನೂ ಶಾಲೆಗೆ ಸೇರುವ ವಯಸ್ಸಾಗಿರಲಿಲ್ಲ. ಬಣ್ಣಗಳಲ್ಲಿ ಕೆಂಪೊಂದು ನೆನಪಿದೆ, ಅದೂ ನಿಜವೋ ಕನಸೋ ಎನ್ನುತ್ತಾಳೆ. ಹರೆಯದಿಂದ ಮುಪ್ಪಿನವರೆಗೆ ಕಾರ್ಖಾನೆಯಲ್ಲಿ ದೀಪದ ಸ್ವಿಚ್ಚುಗಳನ್ನು ಜೋಡಿಸಿದಳು. ಅದೇ ಬೆಂಚಿನ ಆಚೆ ತುದಿಯಲ್ಲಿ ಕೂತಿದ್ದ ಸೆಯ್ಲ್‌ಬೆಕ್‌ನನ್ನು ಮದುವೆಯಾದಳು. ಅವನಿಗೂ ಕಣ್ಣಿರಲಿಲ್ಲ. ಒಂದು ಮಗು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಕೆಲವು ವರ್ಷಗಳ ಹಿಂದೆ ಸೆಯ್ಲ್‌ಬೆಕ್ ಕೂಡ ಹೋದ. ಅಲ್ಲಿಂದ ಈಚೆಗೆ ಅವಳು ಒಬ್ಬಳೇ.

ಹೋದ ವರ್ಷದ ಚಳಿಗಾಲದಲ್ಲಿ ಮೂಲೆಯ ಮಂಜುಗಡ್ಡೆಯ ಮೇಲೆ ಜಾರಿ ಅವಳ ಮಣಿಕಟ್ಟು ಮುರಿಯಿತು. ತಮ್ಮ ತೊಲೆಗೆನ್ ಬಂದು ಊರಿನ ಆಚೆ ತುದಿಯ ತನ್ನ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಯಾರೂ ಕೆಟ್ಟವರಲ್ಲ. ಚಹಾ ಕೈಗೆ ಬರುತ್ತಿತ್ತು, ಊಟ ತೊಡೆಯ ಮೇಲೆ ಬರುತ್ತಿತ್ತು. ಆಲೂಗಡ್ಡೆಯಾದರೂ ಸುಲಿಯುತ್ತೇನೆ ಎಂದರೆ ತಮ್ಮನ ಹೆಂಡತಿ ಚಾಕುವನ್ನು ಮೆಲ್ಲಗೆ ತೆಗೆದುಕೊಂಡು, ನೀವು ಕೂತ್ಕೊಳ್ಳಿ ಅತ್ತಿಗೆ ಎನ್ನುತ್ತಿದ್ದಳು. ಬೆಳಿಗ್ಗೆ ಇಟ್ಟ ಕಡೆ ಸಂಜೆ ಲೋಟ ಇರುತ್ತಿರಲಿಲ್ಲ. ಯಾರೋ ಒಳ್ಳೆಯ ಮನಸ್ಸಿನಿಂದಲೇ ತೊಳೆದು ಬೇರೆ ಕಡೆ ಇಟ್ಟಿರುತ್ತಿದ್ದರು. ಕೈ ಕೂಡಿದ ಮೇಲೆ ಉರ್ಕಿಯಾ ತನ್ನ ಮನೆಗೆ ಮರಳಿ ಬಂದು, ಒಲೆಯ ಅಂಚನ್ನು ಮುಟ್ಟಿ, ಅಲ್ಲೇ ಸುಮಾರು ಹೊತ್ತು ನಿಂತಿದ್ದಳಂತೆ.

ಅದರ ಮುಂದಿನ ಶರತ್ಕಾಲದಲ್ಲಿ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ಮನೆ ತುಂಬಿತು. ವಾಸನೆ ಹಿಡಿದು ಓಡಿಬಂದವಳು ಎದುರುಮನೆಯ ಕಾಪಿಜಾ, ಉರ್ಕಿಯಾಳ ಜೊತೆ ಕಾರ್ಖಾನೆಯಲ್ಲಿದ್ದವಳು, ಅವಳಿಗೂ ಕಣ್ಣಿಲ್ಲ. ಸುದ್ದಿ ಕೇಳಿದ ತೊಲೆಗೆನ್, ಇನ್ನು ಅಕ್ಕನನ್ನು ಇಲ್ಲಿ ಬಿಡುವುದಿಲ್ಲ ಎಂದು ಹಟ ಹಿಡಿದ. ಕಡೆಗೆ ಅವನ ಮಗಳು ಐಗಾನಿಮ್ ನಡುವೆ ಬಂದಳು. ಕಂಪ್ಯೂಟರ್ ಓದಿದ ಹುಡುಗಿ. ಅತ್ತೆಯ ಮನೆಯನ್ನು ನಾನು ಸ್ಮಾರ್ಟ್ ಹೋಮ್ ಮಾಡಿಕೊಡುತ್ತೇನೆ, ನೌರುಜ್ ಹಬ್ಬದವರೆಗೆ ನೋಡೋಣ ಎಂದಳು. ವಸಂತದ ಆ ಹಬ್ಬದೊಳಗೆ ಏನೂ ಅನಾಹುತ ಆಗದಿದ್ದರೆ ಅತ್ತೆ ಇಲ್ಲೇ ಇರಲಿ, ಆಯಿತೆಂದರೆ ಅಪ್ಪನ ಮನೆಗೆ ಹೋಗಲಿ. ಎಲ್ಲರೂ ಒಪ್ಪಿದರು. ಉರ್ಕಿಯಾಳೂ ಒಪ್ಪಿದಳು, ಬೇರೆ ದಾರಿ ಯಾರೂ ಮುಂದಿಟ್ಟಿರಲಿಲ್ಲ.

ಹೀಗೆ ಮನೆಗೆ ಬಾಯಿ ಬಂತು. ಕಪಾಟಿನ ಮೇಲೆ ಸ್ಪೀಕರ್, ಬಾಗಿಲಿಗೆ ತಾನೇ ಬೀಳುವ ಬೀಗ, ಸಿಂಕಿನ ಕೆಳಗೆ ನೀರು ಸೋರಿದರೆ ಹೇಳುವ ಬಿಲ್ಲೆ, ಅಡುಗೆಮನೆಯ ಸೂರಿನಲ್ಲಿ ಹೊಗೆ ಹಿಡಿಯುವ ಡಬ್ಬಿ, ಗ್ಯಾಸಿನ ಕೊಳವೆಗೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್. ಫೋನನ್ನು ಔಷಧಿಯ ಡಬ್ಬಿಯ ಮುಂದೆ ಹಿಡಿದರೆ ಹೆಸರು ಓದುತ್ತಿತ್ತು. ಹಾಲಿನ ಪ್ಯಾಕೆಟ್ಟಿನ ತಾರೀಖಿಗೆ ಇನ್ನು ಯಾರನ್ನೂ ಕರೆಯಬೇಕಿರಲಿಲ್ಲ. ಉರ್ಕಿಯಾ ಇದನ್ನೆಲ್ಲ ಮೆಚ್ಚಿದಳು, ಮೊದಲ ದಿನಗಳಲ್ಲಿ ಸ್ಪೀಕರಿಗೆ ಪ್ರತಿ ಸಲ ಉಪಕಾರವಾಯಿತು ಎಂದೂ ಹೇಳಿದಳು. ಆಮೇಲೆ ದಣಿದಳು. ಬಾಗಿಲು ತೆರೆದಿದೆ, ಬಾಗಿಲು ಮುಚ್ಚಿದೆ, ಹೊರಗೆ ಹಿಮ ಬೀಳುತ್ತಿದೆ, ಮಾತ್ರೆಯ ಹೊತ್ತಾಗಿದೆ. ಮನೆಯಲ್ಲಿ ಸದಾ ಒಬ್ಬರು ಎಚ್ಚರವಾಗಿ ಕೂತು ತನ್ನ ಮೇಲೆ ಕಿವಿಯಿಟ್ಟ ಹಾಗೆ.

"ಮತ್ತೆ ಮದ್ವೆ ಆದಂಗಾಯ್ತಲ್ಲೇ," ಎಂದಳು ಕಾಪಿಜಾ. "ಇವ್ನು ಪರವಾಗಿಲ್ಲ, ಕುಡಿಯಲ್ಲ, ಗೊರಕೆ ಹೊಡೆಯಲ್ಲ."

"ಇವ್ನು ಹೊರಗೂ ಹೋಗಲ್ಲ ಕಣೇ," ಎಂದಳು ಉರ್ಕಿಯಾ.

ಮೊದಲ ಶುಕ್ರವಾರ ಬಂತು. ಶುಕ್ರವಾರ ಎಣ್ಣೆ ಕಾಯಿಸದ ಮನೆ ನಮ್ಮಲ್ಲಿ ಕಡಿಮೆ. ಹೋದವರ ಹೆಸರಿನಲ್ಲಿ ಏಳು ಶೆಲ್ಪೆಕ್ ಕರಿಯುತ್ತೇವೆ, ತೆಳ್ಳಗೆ ಲಟ್ಟಿಸಿದ ರೊಟ್ಟಿ. ಪ್ರಾರ್ಥನೆ ಹೇಳಿ ನೆರೆಯವರಿಗೆ ಹಂಚುತ್ತೇವೆ. ರೊಟ್ಟಿ ನಮಗೆ, ಎಣ್ಣೆಯ ಘಮ ಹೋದವರಿಗೆ. ಅದು ಎದ್ದು ಹೋಗಿ ಅವರನ್ನು ಮುಟ್ಟಬೇಕು. ಕಣ್ಣಿದ್ದವರು ಬಾಣಲೆಯಲ್ಲಿ ಎಣ್ಣೆ ಅಲುಗುವುದನ್ನು ನೋಡಿ ಹಿಟ್ಟು ಬಿಡುತ್ತಾರೆ. ಉರ್ಕಿಯಾಳಿಗೆ ಅವಳ ತಾಯಿ ಬೇರೆ ರೀತಿ ಕಲಿಸಿದ್ದಳು: ಗಂಟಲು ಕೆರೆಯುವ ತನಕ ಕಾಯಲಿ, ಆಮೇಲೆ ಬಿಡು, ನಿನಗೂ ತಿಳಿಯುತ್ತೆ, ಸತ್ತವರಿಗೂ ತಿಳಿಯುತ್ತೆ. ಆದ್ದರಿಂದ ಅವಳ ಎಣ್ಣೆ ಬೇರೆಯವರದಕ್ಕಿಂತ ಹೆಚ್ಚು ಹೊತ್ತು ಕಾಯುತ್ತದೆ. ಅವಳ ಶುಕ್ರವಾರ ನಮ್ಮ ಮನೆಯ ಕಿಟಕಿಯವರೆಗೂ ಏರಿ ಬರುತ್ತದೆ.

ಅಂದು ಮೂರು ರೊಟ್ಟಿ ಕರಿದಿದ್ದಳು. ನಾಲ್ಕನೆಯದು ಕೈಯಲ್ಲಿದ್ದಾಗ ಸೂರಿನ ಡಬ್ಬಿ ಚೀರತೊಡಗಿತು, ಕೊಳವೆಯ ವಾಲ್ವ್ ಕಟಕ್ಕನೆ ಮುಚ್ಚಿತು, ಒಲೆ ಆರಿತು. ತೊಲೆಗೆನ್‌ನ ಫೋನಿಗೂ ಐಗಾನಿಮ್‌ಳ ಫೋನಿಗೂ ಹೊಗೆಯ ಸುದ್ದಿ ಹೋಯಿತು. ರೈಲ್ವೆ ಯಾರ್ಡಿನ ಕೆಲಸದ ಬಟ್ಟೆಯಲ್ಲೇ ತೊಲೆಗೆನ್ ಓಡಿಬಂದ. ಅಕ್ಕ ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಏನೂ ಸುಟ್ಟಿರಲಿಲ್ಲ. ಆದರೂ ಮೆಟ್ಟಿಲು ಹತ್ತುವಷ್ಟು ಹೊತ್ತು ಅವನ ತಲೆಯಲ್ಲಿ ಮನೆ ಉರಿದಿತ್ತು, ಅದು ಅಷ್ಟು ಬೇಗ ಆರಲಿಲ್ಲ. ಇನ್ನೊಂದು ಸಲ ಈ ಡಬ್ಬಿ ಕೂಗಿದರೆ ನೌರುಜ್‌ವರೆಗೂ ಕಾಯುವುದಿಲ್ಲ ಎಂದು ಹೇಳಿ ಹೋದ.

ಐಗಾನಿಮ್ ಸಂಜೆ ಬಂದು ತಪ್ಪು ತನ್ನದೇ ಎಂದಳು. ಅವರ ಮನೆಯಲ್ಲೂ ಇದೇ ಡಬ್ಬಿ ಇತ್ತು, ಅಮ್ಮ ಶುಕ್ರವಾರ ಕರಿಯುವಾಗ ಒಮ್ಮೆಯೂ ಕೂಗಿರಲಿಲ್ಲ. ಅಮ್ಮ ಎಣ್ಣೆಯನ್ನು ನೋಡಿ ಕರಿಯುತ್ತಾಳೆ, ಅತ್ತೆ ಹೊಗೆಯನ್ನು ಮೂಸಿ ಕರಿಯುತ್ತಾಳೆ ಎನ್ನುವುದು ಅವಳಿಗೆ ಹೊಳೆದಿರಲಿಲ್ಲ. ಹಾಗಿದ್ದರೆ ಶುಕ್ರವಾರ ಒಂದು ಗಂಟೆ ಡಬ್ಬಿಯನ್ನು ಆಫ್ ಮಾಡು ಎಂದಳು ಉರ್ಕಿಯಾ. ಹುಡುಗಿ ಅಪ್ಪನಿಗೆ ಫೋನ್ ಮಾಡಿ ಕೇಳಿದಳು. ಅವನು ಬೇಡವೆಂದ. ಅಪಾಯ ಇರುವುದೇ ಆ ಒಂದು ಗಂಟೆಯಲ್ಲಿ ಎಂದ. ಅವನ ಮಾತೂ ಸುಳ್ಳಲ್ಲ.

ಮುಂದಿನ ಶುಕ್ರವಾರ ಉರ್ಕಿಯಾ ಸಣ್ಣ ಉರಿಯಲ್ಲಿ ಕರಿದಳು. ಡಬ್ಬಿ ಕೂಗಲಿಲ್ಲ, ಘಮವೂ ಏಳಲಿಲ್ಲ. ನಮಗೆ ಬಂದ ಶೆಲ್ಪೆಕ್ ಎಣ್ಣೆ ಕುಡಿದು ಒದ್ದೆಯಾಗಿ ಮುದುಡಿತ್ತು, ತಿಂದೆವು, ಚೆನ್ನಾಗಿದೆ ಎಂದೆವು. ಅದರ ಮುಂದಿನ ವಾರ ಹಿಟ್ಟನ್ನೂ ಬಾಣಲೆಯನ್ನೂ ಹೊತ್ತು ಕಾಪಿಜಾಳ ಮನೆಗೆ ಹೋದಳು. ಅಲ್ಲಿ ಡಬ್ಬಿಯಿರಲಿಲ್ಲ. ಎಣ್ಣೆ ಗಂಟಲು ಕೆರೆಯುವಂತೆ ಕಾಯಿತು.

"ಇದೆಲ್ಲ ಸರಿ," ಎಂದಳು ಕಾಪಿಜಾ. "ವಾಸ್ನೆ ಹಿಡ್ಕೊಂಡು ನಿನ್ ಗಂಡ ನಮ್ಮನೆ ಬಾಗ್ಲಿಗೆ ಬಂದ್ರೆ ನಾನೇನು ಮಾಡ್ಲಿ? ಒಳಗೆ ಕರೀಲಾ, ಎದುರುಮನೆ ಅಂತ ಕಳ್ಸಲಾ?"

ಇಬ್ಬರೂ ನಕ್ಕರು. ಆದರೆ ಉರ್ಕಿಯಾ ಮತ್ತೆ ಅಲ್ಲಿ ಕರಿಯಲು ಹೋಗಲಿಲ್ಲ. ಬದಲಿಗೆ ಐಗಾನಿಮ್‌ಳನ್ನು ಕರೆಸಿ, ಈ ಸಾಮಾನನ್ನೆಲ್ಲ ಬಿಚ್ಚಿಕೊಂಡು ಹೋಗು ಎಂದಳು. ಹಾಗೆ ಮಾಡಿದರೆ ಅಪ್ಪ ನಾಳೆಯೇ ಕಾರು ತರುತ್ತಾನೆ ಎಂದು ಹುಡುಗಿ ಅತ್ತಳು. ಅಳು ನಿಂತ ಮೇಲೆ ಇನ್ನೊಂದು ಉಪಾಯ ಹೇಳಿದಳು. ಶುಕ್ರವಾರ ಕರಿಯುವ ಹೊತ್ತಿನಲ್ಲಿ ಹೊಗೆಗೆ ಡಬ್ಬಿ ಕೂಗದಂತೆ, ವಾಲ್ವ್ ಮುಚ್ಚದಂತೆ ಮಾಡಬಹುದು. ಅದರ ಬದಲು ಸ್ವಲ್ಪ ಸ್ವಲ್ಪ ಹೊತ್ತಿಗೆ ಸ್ಪೀಕರ್ ಕೇಳುತ್ತದೆ, ಇದ್ದೀರಾ ಎಂದು. ಇದ್ದೀನಿ ಎಂದರೆ ಒಲೆ ಉರಿಯುತ್ತದೆ, ಉತ್ತರ ಬರದಿದ್ದರೆ ಗ್ಯಾಸು ನಿಲ್ಲುತ್ತದೆ, ಫೋನುಗಳಿಗೆ ಸುದ್ದಿ ಹೋಗುತ್ತದೆ. ತೊಲೆಗೆನ್ ಎರಡು ದಿನ ಯೋಚಿಸಿ ಇದಕ್ಕೆ ಹೂಂ ಎಂದ.

ಆ ಚಳಿಗಾಲವಿಡೀ ಶುಕ್ರವಾರಗಳು ಹೀಗೆ ನಡೆದವು. ಕರಿಯುತ್ತ ಕರಿಯುತ್ತ ಹೆಸರು ಹೇಳುವುದು ಉರ್ಕಿಯಾಳ ರೂಢಿ. ಮುತ್ತಜ್ಜ, ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಆಮೇಲೆ ಸೆಯ್ಲ್‌ಬೆಕ್. ಕೊನೆಯ ರೊಟ್ಟಿ ಮಗುವಿನದು, ಅದಕ್ಕೆ ಹೆಸರಿಲ್ಲ, ಅಲ್ಲಿ ಸುಮ್ಮನಿರುತ್ತಾಳೆ. ಈಗ ಹೆಸರುಗಳ ನಡುವೆ ಮನೆ ಬಾಯಿ ಹಾಕುತ್ತಿತ್ತು.

"ಉರ್ಕಿಯಾ ಅವರೇ, ಇದ್ದೀರಾ?"

"ಇದ್ದೀನಿ."

ಮತ್ತೆ ಅಮ್ಮನಿಂದ ಶುರುಮಾಡಬೇಕು. ಕೆಲವು ಸಲ ಕೊನೆಯ ರೊಟ್ಟಿಯ ಮೌನದಲ್ಲೇ ಅದು ಕೇಳುತ್ತಿತ್ತು. ಆಗ ಅವಳು ಒಂದು ಉಸಿರು ತಡೆದು ಉತ್ತರಿಸುತ್ತಿದ್ದಳು, ಹೆಚ್ಚು ತಡೆಯುವಂತಿರಲಿಲ್ಲ. ಹೇಗಿದೆ ಎಂದು ಕೇಳಿದರೆ ಅಭ್ಯಾಸವಾಗುತ್ತೆ ಎನ್ನುತ್ತಿದ್ದಳು. ಅಭ್ಯಾಸವಾದವರ ದನಿ ಅದಲ್ಲ. ದೂರದಿಂದ ನೀರು ಹೊತ್ತು ತಂದು, ಕೊಡ ಇಳಿಸಲು ಜಾಗ ಹುಡುಕುವವರ ದನಿ.

ನೌರುಜ್‌ನ ಹಿಂದಿನ ಶುಕ್ರವಾರ ತೊಲೆಗೆನ್ ಬಂದ. ಅವಧಿ ಮುಗಿಯುತ್ತ ಬಂದಿತ್ತು. ಅನಾಹುತ ಏನೂ ಆಗಿರಲಿಲ್ಲ, ಆದರೂ ಅವನು ಮಾತಾಡಲೆಂದೇ ಬಂದಿದ್ದ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತ. ಅಕ್ಕ ಎಣ್ಣೆ ಕಾಯಲು ಬಿಟ್ಟಳು. ಅವನ ಕಣ್ಣಿನಲ್ಲಿ ನೀರು ಬಂತು, ಹೊಗೆಗೆ. ಹೆಸರುಗಳು ಶುರುವಾದವು. ಅವರು ಅವನ ಅಜ್ಜ ಅಜ್ಜಿಯರೂ ಹೌದು. ಅಮ್ಮನ ಹೆಸರಿಗೆ ಬರುವಷ್ಟರಲ್ಲಿ ಮನೆ ಕೇಳಿತು, ಅಕ್ಕ ಇದ್ದೀನಿ ಎಂದಳು, ಮತ್ತೆ ಅಮ್ಮ ಎಂದಳು. ಸೆಯ್ಲ್‌ಬೆಕ್ ಎನ್ನುವಾಗ ಮತ್ತೆ ಕೇಳಿತು. ಅವನು ಕಪಾಟಿನ ಕಡೆ ನೋಡಿದ, ಬೈಯಲು ಅಲ್ಲಿ ಯಾರೋ ಕೂತಿದ್ದಾರೆಂಬ ಹಾಗೆ.

ಎಲ್ಲ ಮುಗಿದು ಅವಳು ಒಲೆ ಆರಿಸಿದ ಮೇಲೆ ಅವನು ಬಾಯಿಬಿಟ್ಟ.

"ಅಕ್ಕ, ಇದೇನು ಪೊಲೀಸ್ ಸ್ಟೇಷನ್ನಾ? ಗಳಿಗೆಗೊಂದ್ಸಲ ಹಾಜರಿ ಹಾಕ್ಬೇಕಾ? ನಮ್ಮನೇಗೆ ಬಾ. ಅಲ್ಲಿ ನಿನ್ನನ್ನ ಯಾರೂ ಹೀಗೆ ಕೇಳಲ್ಲ."

"ಕೇಳಲ್ಲ ಕಣೋ," ಎಂದಳು. ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಅಲ್ಲಿ ಎಲ್ರೂ ನೋಡ್ತಿರ್ತಾರಲ್ಲ, ಯಾಕೆ ಕೇಳ್ತಾರೆ? ಇದಕ್ಕೆ ಉತ್ತರ ಕೊಟ್ರೆ ಒಲೆ ಹತ್ರ ನಿಲ್ಲೋಕೆ ಬಿಡುತ್ತೆ. ನೀವು ಅದಕ್ಕೂ ಬಿಡಲ್ಲ."

ಹೆಂಡತಿ ಚಾಕು ತೆಗೆದುಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತಪ್ಪೇನು ಎನ್ನುತ್ತಿದ್ದನೇನೋ.

"ಸುಸ್ತಾಗಲ್ವಾ ನಿಂಗೆ?"

"ಆಗುತ್ತೆ. ನಿಮ್ಮನೇಲಿ ಕೂತಿದ್ದಾಗ ಇನ್ನೂ ಜಾಸ್ತಿ ಆಗ್ತಿತ್ತು."

ಅವನು ಟೋಪಿ ಹಾಕಿಕೊಂಡ, ಮತ್ತೆ ತೆಗೆದ. ಸೂರಿನ ಡಬ್ಬಿಯನ್ನು ನೋಡಿದ. ಅದು ಸುಮ್ಮನಿತ್ತು.

"ಮುಂದಿನ ಚಳಿಗಾಲದವರೆಗೆ ನೋಡೋಣ," ಎಂದ ಕೊನೆಗೆ. "ಅಷ್ಟೇ. ಅದಕ್ಕಿಂತ ಮುಂದಿಂದು ನಾನು ಈಗ್ಲೇ ಹೇಳಲ್ಲ."

ಇನ್ನೂ ಕೆಲವು ತಿಂಗಳು ಸಿಕ್ಕವು. ಮುಖ ಅರಳಬೇಕಿತ್ತು. ಉರ್ಕಿಯಾ ತಲೆಯಾಡಿಸಿ, ಗೋಡೆಗೆ ಒರಗಿ, ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬಿಸಿ ಆರುತ್ತದೆಂದು ಗಂಟನ್ನು ಎದೆಗೊತ್ತಿಕೊಂಡು ಹೊರಟಳು. ಹೆಂಡತಿಗೂ ಮಗಳಿಗೂ ಏನಾದರೂ ಹೇಳಬೇಕಾ ಎಂದು ತೊಲೆಗೆನ್ ಹಿಂದಿನಿಂದ ಕೇಳಿದ. ಅವಳು ನಿಲ್ಲಲಿಲ್ಲ. ಒಂದು ಕೈ ಮೆಟ್ಟಿಲಿನ ಕಂಬಿಯ ಮೇಲೆ, ಮಾತು ಹೆಗಲಾಚೆಗೆ.

"ನಿನ್ ಪಾಲಿಂದು ತಟ್ಟೇಲಿದೆ, ತಿನ್ಕೊಂಡು ಹೋಗು. ಬಾಗ್ಲು ಎಳಿ ಸಾಕು, ಬೀಗ ಅದೇ ಹಾಕ್ಕೊಳ್ಳುತ್ತೆ. ಐಗಾನಿಮ್‌ಗೆ ಹೇಳು, ಆ ಕೊನೇ ರೊಟ್ಟಿ ಹೊತ್ತಲ್ಲಿ ಮಾತ್ರ ಅದು ಸ್ವಲ್ಪ ತಡೆದು ಕೇಳೋ ಹಾಗೆ ಏನಾದ್ರೂ ಮಾಡು ಅಂತ."