ಬಸ್ರಾದಿಂದ ಬಂದ ಸುದ್ದಿ

ವಿದೇಶ ವ್ಯಾಪಾರ ಓದುತ್ತೇನೆಂದರೆ, ಅರವತ್ತರ ದಶಕದ ಆರಂಭದಲ್ಲಿ ಯಲ್ಲಾಪುರದ ಜನ ನಾನು ಹಡಗು ಕೊಳ್ಳಲು ಹೊರಟವನೆಂಬಂತೆ ನೋಡುತ್ತಿದ್ದರು. ಧಾರವಾಡದಲ್ಲಿ ನಮಗೆ ಪಾಠ ಹೇಳುತ್ತಿದ್ದ ಪ್ರೊಫೆಸರರೂ ಹಡಗು ಕಂಡದ್ದು ಪುಸ್ತಕದಲ್ಲೇ. ಆದರೂ ಅವರು ನನಗೆ ಕೊಟ್ಟ ಸಂಶೋಧನೆಯ ವಿಷಯ ಚೆನ್ನಾಗಿತ್ತು. ಮಂಚಿಕೇರಿ, ವಜ್ರಳ್ಳಿಯ ಕರಿಮೆಣಸು ಯಾರ್‍ಯಾರ ಕೈ ದಾಟಿ ಯಾವ ದೇಶ ಸೇರುತ್ತದೆ ಎಂದು ಪತ್ತೆ ಮಾಡಬೇಕಿತ್ತು.

ಯಲ್ಲಾಪುರ ಪೇಟೆಯಲ್ಲಿ ನಾನು ಉಳಿದುಕೊಂಡದ್ದು ದೂರದ ಸಂಬಂಧದ ಒಬ್ಬ ಅತ್ತೆಯ ಮನೆಯಲ್ಲಿ. ಅವರ ಗಂಡ ಮೆಣಸಿನ ವ್ಯಾಪಾರಿಯೊಬ್ಬರ ಗುಮಾಸ್ತರು. ಮಾಲಿನ ಜೊತೆ ಮುಂಬಯಿಗೆ ಹೋದವರು ಮರಳಲೇ ಇಲ್ಲ. ಹನ್ನೆರಡು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದೇ ಎಣಿಸಿ, ದರ್ಭೆಯ ಗೊಂಬೆ ಮಾಡಿ ಸುಟ್ಟು, ಕ್ರಿಯೆ ನಡೆಸುವುದು ನಮ್ಮಲ್ಲಿ ರೂಢಿ. ಆ ಹನ್ನೆರಡು ತುಂಬುತ್ತ ಬಂದಿತ್ತು. ಮೈದುನಂದಿರು ದಿನವನ್ನೂ ನೋಡಿಸಿದ್ದರು. ಅತ್ತೆಯ ಹಣೆಯ ಕುಂಕುಮಕ್ಕೆ ಇನ್ನೊಂದು ತಿಂಗಳಷ್ಟೇ ಆಯುಸ್ಸು.

ನಾನು ಮುಂಬಯಿಗೆ ಹೊರಟ ಬೆಳಿಗ್ಗೆ ಅವರು ದೋಸೆ ಬಡಿಸುತ್ತ ಹೇಳಿದರು: "ಮಾಣಿ, ಮೆಣಸು ಹೋದ ದಾರಿ ನಿಂಗೆ ಗೊತ್ತಿದ್ದು. ಅದ್ರ ಜೊತಿಗೆ ಹೋದವ್ರು ಎಲ್ಲಿದ್ರು ಹೇಳಿ ಕೇಳ್ಕಂಡು ಬಾ. ಕರ್ಕಂಡು ಬಪ್ಪದು ಬ್ಯಾಡ."

ನನಗೆ ಸಿಟ್ಟು ಬಂತು. ವಿಶ್ವವಿದ್ಯಾಲಯದ ಸಂಶೋಧನೆಯನ್ನು ಕಣಿ ಹೇಳುವ ಕೆಲಸ ಎಂದುಕೊಂಡಿದ್ದಾರಲ್ಲ ಎಂದು. ಆದರೆ ಮುಂಬಯಿಯ ಮೆಣಸಿನ ಗೋದಾಮಿನಲ್ಲಿ ಮಾಲಿನ ವಿಚಾರಕ್ಕಿಂತ ಮೊದಲು ನನ್ನ ಬಾಯಿಂದ ಹೊರಟದ್ದು ಅದೇ ಪ್ರಶ್ನೆ.

ಅಲ್ಲಿನ ಕೊಂಕಣಿ ಗುಮಾಸ್ತರು ಸಲೀಸಾಗಿ ಉತ್ತರ ಕೊಟ್ಟರು. ಅವರೇ? ಇರಾಕಿನ ಬಸ್ರಾದಲ್ಲಿದ್ದಾರೆ, ಅಲ್ಲೇ ಸಂಸಾರ ಹೂಡಿದ್ದಾರೆ. ಕಳೆದ ವರ್ಷ ಖರ್ಜೂರದ ಮಾಲಿನ ಜೊತೆ ಇಲ್ಲಿಗೂ ಬಂದಿದ್ದರು. ನೀವು ಕೂತ ಕುರ್ಚಿಯಲ್ಲೇ ಕೂತು, ಯಲ್ಲಾಪುರದ ಚೀಲ ಬಿಚ್ಚಿಸಿ, ಹಿಡಿ ಮೆಣಸು ಮೂಸಿ, ಈ ಸಲ ಬೆಳೆ ಹೇಗೆ ಎಂದು ಕೇಳಿದರು.

ಆ ಸೆಕೆಯಲ್ಲೂ ನನಗೆ ಚಳಿ ಹತ್ತಿತು. ಕುರ್ಚಿ ಬಿಟ್ಟು ಎದ್ದುಬಿಟ್ಟೆ.

ಮುಂದೆ ನಾನೂ ವಿಶ್ವವಿದ್ಯಾಲಯದಲ್ಲಿ ವಿದೇಶ ವ್ಯಾಪಾರ ಕಲಿಸಿದೆ. ಪಾಠದಲ್ಲಿ ಬಸ್ರಾ ಬಂದಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಬಂದು ಕೂತು ಕೇಳುತ್ತಿದ್ದಾರೆ ಎನಿಸಿ ಭಯವಾಗುತ್ತಿತ್ತು. ಹುಡುಗರು ನಗುತ್ತಿದ್ದರು, ನಗಲಿ.

ಆ ಸಲ ಮುಂಬಯಿಯಿಂದ ಯಲ್ಲಾಪುರಕ್ಕೆ ಮರಳಿದವನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಬಸ್ರಾದ ಸಂಸಾರವನ್ನೂ ಮುಚ್ಚಿಡಲಿಲ್ಲ. ಅವರು ಅಳಲಿಲ್ಲ.

"ಎನ್ನ ಬಗ್ಗೆ ಎಂತಾದ್ರೂ ಕೇಳಿದ್ರಾ?"

"ಇಲ್ಲೆ ಅತ್ತೆ. ಬೆಳೆ ಕೇಳಿದ್ರು."

"ಮೈದುನಂದಿರಿಗೆ ಹೇಳದು ಬ್ಯಾಡ," ಎಂದರು ಅತ್ತೆ. "ಕ್ರಿಯೆ ಆಗ್ಲಿ."

ಗೊಂಬೆ ಒಣಗಿದ್ದರಿಂದ ಬೇಗ ಉರಿದುಹೋಯಿತು. ಅದೇ ಹೊತ್ತಿಗೆ ಆ ಮನುಷ್ಯ ಬಸ್ರಾದಲ್ಲಿ ಚಹಾ ಕುಡಿಯುತ್ತಿರಬಹುದೆಂದು ನೆನೆದೆ. ಕ್ರಿಯೆಯ ಕೊನೆಯ ದಿನದ ಊಟಕ್ಕೆ ಕೂತಾಗ ಎಲೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಿದ್ದೆ. ಬರಿ ಹಣೆಯ ಅತ್ತೆ ಒಳಬಾಗಿಲಲ್ಲಿ ನಿಂತು ನನ್ನ ಎಲೆಯನ್ನೇ ನೋಡುತ್ತಿದ್ದರು.

"ಉಣ್ಣು ಮಾಣಿ," ಎಂದರು. "ಎಂಗೆ ಇನ್ನು ಯಾರನ್ನೂ ಕಾಯದು ಇಲ್ಲೆ."