ಕಾಕಾನ ರಕ್ತ, ಅಪ್ಪನ ಪಟಗಾ

ನಮ್ಮ ಕಾಕಾನ ಪ್ರಕಾರ ಲೋಕದಲ್ಲಿ ಎರಡೇ ಜಾತಿ: ನಮ್ಮ ರಕ್ತದವರು, ಉಳಿದವರು. ನಮ್ಮ ರಕ್ತಕ್ಕೆ ನೆಟ್ಟನೆಯ ಮೂಗು, ಗೋಧಿ ಬಣ್ಣ, ಅಗಲ ಹಣೆ. ನನಗೋ ಮೊಂಡು ಮೂಗು, ಬೈಲಹೊಂಗಲದ ಎರೆಮಣ್ಣಿನ ಬಣ್ಣ. ರಾಮದುರ್ಗದ ನೇಕಾರರ ಮನೆಯಲ್ಲಿ ಹುಟ್ಟಿ, ಎರಡನೇ ವರ್ಷಕ್ಕೆ ತಬ್ಬಲಿಯಾಗಿ, ಈ ಮನೆಯ ಮಕ್ಕಳಿಲ್ಲದ ಹಿರಿಯ ಮಗ-ಸೊಸೆಯ, ಅಂದರೆ ಕಾಕಾನ ಅಣ್ಣ-ವೈನಿಯ, ಮಡಿಲಿಗೆ ಬಿದ್ದವನು ನಾನು. ಅವರನ್ನೇ ಅಪ್ಪ, ಅವ್ವ ಅಂದೆ. ಕಾಕಾ ಮಾತ್ರ ಬೀಗರ ಮುಂದೆ ನನ್ನನ್ನು ತೋರಿಸಿ, "ಇಂವ ನಮ್ಮಣ್ಣ ಸಾಕಿದ ಹುಡುಗರೀ" ಎನ್ನುತ್ತಿದ್ದ. ಹಿತ್ತಲಿನ ಎಮ್ಮೆಯನ್ನೂ ಅದೇ ದನಿಯಲ್ಲಿ ತೋರಿಸುತ್ತಿದ್ದ.

ಇದೇ ಕಾಕಾ ವರ್ಷಕ್ಕೊಮ್ಮೆ ಕಿತ್ತೂರಿನ ಉತ್ಸವಕ್ಕೆ ಹೊರಟರೆ ನೋಡಬೇಕು! ಇಸ್ತ್ರಿ ಮಾಡಿದ ಧೋತರ, ಹಣೆತುಂಬ ವಿಭೂತಿ, ತಲೆಗೆ ಕೆಂಪು ಪಟಗಾ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು, "ದತ್ತಕ ಮಗನ ಸಲುವಾಗಿ ಕಂಪನಿ ಸರಕಾರಕ್ಕ ಎದುರು ನಿಂತಾಕಿ ನಮ್ಮ ರಾಣಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಆ ಪಟಗಾ ಸುತ್ತಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅಪ್ಪನೇ ಸುತ್ತಬೇಕು. ಅಪ್ಪ ಅದನ್ನು ಅಜ್ಜನಿಂದ ಕಲಿತಿದ್ದ, ನಾನು ಅಪ್ಪನಿಂದ ಕಲಿತೆ. ಕಾಕಾನ ಇಬ್ಬರು ಅಸಲಿ ರಕ್ತದ ಮಕ್ಕಳಿಗೆ ಮೊಬೈಲಿನಿಂದ ಕತ್ತೆತ್ತಲು ಪುರುಸೊತ್ತಿರಲಿಲ್ಲ.

ಅಪ್ಪ ತೀರಿದ ವರ್ಷ, ಸುಗ್ಗಿ ಮುಗಿದ ಮೇಲೆ ಸವದತ್ತಿ ಕಡೆಯ ಹೆಳವ ಬಂದ. ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು ಓದುವವರು ಹೆಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಇವನು ಮೋಟಾರ್ ಸೈಕಲ್ ಮೇಲೆ ಬಂದ. ನಮ್ಮ ಮನೆಯ ಪದ್ಧತಿ ಏನೆಂದರೆ, ಸತ್ತವನ ಹೆಸರು ಓದಿದ ಮೇಲೆ ಅವನ ಮಗ ಒಂದು ಮೊರ ಜೋಳ ತಂದು ಹೆಳವ ಹಾಸಿದ ಅರಿವೆಗೆ ಸುರಿಯಬೇಕು. ಸುರಿದವನ ಹೆಸರು ಅಪ್ಪನ ಹೆಸರಿನ ಕೆಳಗೆ ಏರುತ್ತದೆ.

ಹೆಳವ ಪಡಸಾಲೆಯಲ್ಲಿ ಕೂತು ಏಳು ತಲೆಮಾರು ಓದಿದ. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದೆ. ಎಲ್ಲಾದರೂ ಒಬ್ಬ ದತ್ತಕ ಮುತ್ತಜ್ಜ ಸಿಕ್ಕಿ ಕಾಕಾನ ಮೂಗು ಕೆಳಗಾಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಹಾಳಾದ್ದು, ಒಬ್ಬನೂ ಸಿಗಲಿಲ್ಲ! ಏಳೂ ತಲೆಮಾರು ನೆಟ್ಟನೆಯ ಮೂಗೇ.

ಕಾಕಾ ಮೀಸೆ ತಿರುವಿದ. "ಅಣ್ಣನ ಸಾಲು ಇಲ್ಲಿಗೆ ಮುಗೀತು, ಮಕ್ಕಳಿಲ್ಲ ಅಂತ ಬರಿ," ಎಂದ.

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಅಪ್ಪನ ಕುಣಿಗೆ ಮೊದಲ ಹಿಡಿ ಮಣ್ಣು ಹಾಕಿದ್ದು ಇದೇ ಕೈ.

ಅಷ್ಟರಲ್ಲಿ ಅವ್ವ ಒಳಗಿನಿಂದ ಮೊರದ ತುಂಬ ಜೋಳ ತಂದು ನನ್ನ ಕೈಗಿಟ್ಟಳು. "ಹಾಕು," ಎಂದಳು.

"ವೈನಿ, ಇವನ ರಕ್ತ ಬ್ಯಾರೆ ಐತಿ. ಹೆಂಗ ನಡೀತೈತಿ?" ಎಂದ ಕಾಕಾ.

"ಕಂಪನಿಯವರೂ ಹಿಂಗ ಅಂದಿದ್ರಂತಲ್ರಿ, ಮೈದುನಾರ. ವರ್ಷಾ ವರ್ಷಾ ಕಿತ್ತೂರಾಗ ನೀವ ಒದರತೀರಿ."

ಹೆಳವ ಅರಿವೆ ಹಾಸಿದ. ನಾನು ಸುರಿದೆ.

"ದತ್ತಕ ಅಂತ ಬರೀಲೇನ್ರಿ ಯವ್ವಾ?"

"ಮಗ ಅಂತ ಬರಿ," ಎಂದು ಅವ್ವ ಒಲೆಯ ಮೇಲಿನ ರೊಟ್ಟಿ ನೋಡಲು ಒಳಗೆ ಹೋದಳು.

ಅಂದಿನಿಂದ ಕಾಕಾ ನಮ್ಮ ಜೊತೆ ಮಾತು ಬಿಟ್ಟ. ನಮಗೂ ತಕ್ಕಮಟ್ಟಿಗೆ ಸುಖವಾಯಿತು. ಕಿತ್ತೂರಿನ ಉತ್ಸವದ ದಿನ ಬೆಳಿಗ್ಗೆ ಅವನ ಮಕ್ಕಳು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಪಟಗಾ ಸುತ್ತಿದರು. ಅದು ಕೊಡ ಹೊರುವ ಸಿಂಬಿಯ ಹಾಗಾಯಿತಂತೆ. ಸ್ವಲ್ಪ ಹೊತ್ತಿಗೆ ಕಾಕಾ ಪಟಗಾದ ಅರಿವೆಯನ್ನು ಬಗಲಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದು, ನನ್ನ ಮುಖ ನೋಡದೆ, "ಹೊತ್ತಾತು. ಲಗೂನ ಸುತ್ತು," ಎಂದು ಕಟ್ಟೆಯ ಮೇಲೆ ಕೂತ.

ಸುತ್ತಿದೆ. ಕಾಕಾ ಕೈಯೆತ್ತಿ ಒಂದೊಂದೇ ಮಡಿಕೆ ಮುಟ್ಟಿ ನೋಡಿದ. ಆಮೇಲೆ "ಅಣ್ಣ ಸುತ್ತಿದಂಗ ಐತಿ," ಎಂದ. "ಮನಿತನದ ರಕ್ತ ಅಂದ್ರ ಇದು ನೋಡು."

ನಾನು ಪಟಗಾದ ಚುಂಗು ಸರಿಮಾಡಿದೆ.