ವೈರು ಬಿಸಿ ಹತ್ತಿದಾಗ

ಅವನು ಕೊಟ್ಟ ಬ್ಯಾಟರಿ ಕೆಟ್ಟಿರಲಿಲ್ಲ. ನಾನು ಹಾಕಿಸಿದ ವೈರು ಸಣ್ಣದಿತ್ತು. ಆದದ್ದು ಇಷ್ಟೇ.

ಹಿಟ್ನಾಳದ ಆ ವೈರಿಂಗಿನವನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಜೇಬಿನಲ್ಲಿ ಕಟರ್ ಇದ್ದರೂ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದ. ಮಾತು ಕಡಿಮೆ. ಮೊದಲು ವೈರನ್ನು ಕೈಯಿಂದ ಮುಟ್ಟಿ ನೋಡುವವ, ಮೀಟರು ಆಮೇಲೆ.

ಕುರಿ ಹಿಂದೆ ತಿರುಗುವ ನಮಗೆ ಹಳೆಯ ಟೆಂಪೊನೇ ಮನಿ. ಹೋದ ಬೇಸಿಗೆ, ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಗಂಗಾವತಿ ಕಡೆ ಹೊರಟಾಗ, ಮೊಮ್ಮಗಳ ಇನ್ಸುಲಿನ್ ತಂಪಾಗಿಡಲು ಬ್ಯಾಟರಿ ಮೇಲೆ ನಡೆಯುವ ಫ್ರಿಜ್ ಪೆಟ್ಟಿಗೆ ತಂದೆವು. ಹತ್ತು ವರ್ಷದವಳು. ಆ ಔಷಧ ಇಲ್ಲದಿದ್ದರೆ ಬದುಕುವವಳಲ್ಲ. ಜೋಡಿಸಲು ಅವನನ್ನೇ ಕರೆಸಿದೆ; ಬ್ಯಾಟರಿ ಅವನೇ ತಂದು ಡ್ರೈವರ್ ಸೀಟಿನ ಕೆಳಗೆ ಇಟ್ಟ, ಪೆಟ್ಟಿಗೆ ಹಿಂದಿನ ಬಾಗಿಲ ಹತ್ತಿರ.

"ದಪ್ಪ ವೈರು ಬೇಕು ಯವ್ವಾ" ಅಂದ.

ಊರ ಮನಿಯ ಗೋಡೆಯಿಂದ ಕಿತ್ತಿಟ್ಟಿದ್ದ ವೈರಿನ ಸುರುಳಿ ತಂದು ಅವನ ಮುಂದೆ ಒಗೆದೆ. "ಇದರಾಗ ಮಿಕ್ಸರ್ ತಿರಗೈತಿ. ನಿನ್ನ ಹನ್ನೆರಡು ವೋಲ್ಟಿಗೆ ಸಾಲಂಗಿಲ್ಲೇನು?"

"ಮನಿ ಕರೆಂಟಿಗೆ ಒತ್ತು ಭಾಳ, ಸ್ವಲ್ಪ ಹರದ್ರೂ ಕೆಲಸ ಆಕ್ಕೈತಿ. ಇದಕ್ಕ ಒತ್ತಿಲ್ಲ, ಅಷ್ಟ ಕೆಲಸಕ್ಕ ಭಾಳ ಹರೀಬೇಕು. ಸಣ್ಣ ಸಂದ್ಯಾಗ ನೂರು ಕುರಿ ತೂರಿಸಿದಂಗ. ತಿಕ್ಕಾಡಿ ಬಿಸಿ ಆಗ್ತಾವ, ಆ ಕಡಿ ಮುಟ್ಟೂದ್ರಾಗ ದಮ್ಮು ಇರಂಗಿಲ್ಲ. ದೂರ ಆದಷ್ಟೂ ಕಷ್ಟ."

"ನನಗ ಕುರಿ ಕಾಯೂದು ಕಲಸ್ತೀಯೇನೋ?"

ನಕ್ಕ. ನನ್ನ ಹಟಕ್ಕೆ ಅದನ್ನೇ ಹಾಕಿದ. "ವೈರು ಕೈಗೆ ಬಿಸಿ ಹತ್ತಿದ್ರ ಫೋನ್ ಮಾಡಬೇ" ಅಂದು ಹೋದ.

ಬಿಸಿ ಹತ್ತಿತು. ಫೋನ್ ಮಾಡಲಿಲ್ಲ.

ಮೂರನೇ ದಿನ ಪೆಟ್ಟಿಗೆ ನಿಂತಿತು. ಬಿಸಿಲಿಗೆ ಕಾದು ಸತ್ವ ಹೋಗಿದ್ದ ಔಷಧವನ್ನೇ ತಿಳಿಯದೆ ಚುಚ್ಚಿದೆವು. ಹುಡುಗಿ ವಾಂತಿ ಮಾಡಿ ಏದುಸಿರು ಬಿಡತೊಡಗಿದಾಗ ಗಂಗಾವತಿ ಆಸ್ಪತ್ರೆಗೆ ಒಯ್ದೆವು. ಐದು ದಿನ ಮಲಗಿದಳು. ಉಳಿದಳು.

ಮಗ ಫೋನ್ ಮಾಡಿದ್ದಕ್ಕೆ ಅವನು ಬಂದ. "ಹಲ್ಲುಮುರುಕ ಸತ್ತ ಬ್ಯಾಟರಿ ಕೊಟ್ಟಾನ" ಅಂತ ಬಿಡಾರದ ಮಂದಿ ಎದುರಿಗೇ ಬೈದೆ. ಅವನು ಮೀಟರ್ ಹಚ್ಚಿ ನನಗೊಬ್ಬಳಿಗೆ ತೋರಿಸಿದ. ಬ್ಯಾಟರಿ ಹತ್ತಿರ ಹನ್ನೆರಡೂವರೆ, ಪೆಟ್ಟಿಗೆ ಹತ್ತಿರ ಹತ್ತಕ್ಕೂ ಕಡಿಮೆ. ಮಂದಿಗೆ ಏನೂ ಹೇಳಲಿಲ್ಲ. ಬ್ಯಾಟರಿಯನ್ನು ಪೆಟ್ಟಿಗೆ ಪಕ್ಕಕ್ಕೆ ಸರಿಸಿ, ದಪ್ಪ ವೈರು ಹಾಕಿ ಹೋದ. ಪೆಟ್ಟಿಗೆ ಅವತ್ತಿನಿಂದ ಒಂದು ದಿನವೂ ನಿಂತಿಲ್ಲ.

ನನ್ನ ಮಾತು ಮಾತ್ರ ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರವರೆಗೂ ಹೋಯಿತು. ಅವನನ್ನು ಕರೆಯುವುದು ಬಿಟ್ಟರು. ನಿಜ ಹೇಳಬೇಕು ಅಂತ ನಾಲಿಗೆ ತುದಿಗೆ ಬರುತ್ತಿತ್ತು, ನುಂಗುತ್ತಿದ್ದೆ.

ಮೊನ್ನೆ ಅವನು ಎದೆ ಹಿಡಿದುಕೊಂಡು ಕುಸಿದವ ಹೋಗಿಯೇಬಿಟ್ಟ. ಮಣ್ಣು ಮಾಡುವಲ್ಲಿಗೆ ಹೋದೆ. "ಮೊಮ್ಮಗಳು ಹೆಂಗದಾಳ್ರಿ ಯವ್ವಾ?" ಅಂತ ಅವನ ಹೆಂಡತಿ ಅಳುವಿನ ನಡುವೆಯೇ ಕೇಳಿದಳು. "ಆರಾಮ ಅದಾಳ" ಅಂದೆ; ನಿಜ ಅಲ್ಲಿಯೂ ಹೇಳಲಿಲ್ಲ.

ಮರುದಿನ ಮುಂಜಾನೆ, ಕುರಿ ಬಿಡುವ ಮೊದಲೇ ಬಿಡಾರದಿಂದ ಬಿಡಾರಕ್ಕೆ ಹೋದೆ. "ಬ್ಯಾಟರಿ ಛಲೋ ಇತ್ತು. ತಪ್ಪು ನಂದು. ಗೊತ್ತಿದ್ದೂ ಸುಮ್ಮನಿದ್ದೆ" ಅಂದೆ.

"ಅಂವ ಹೋದ ಮ್ಯಾಲೆ ಹೇಳಿ ಏನು ಬಂತು ಯಕ್ಕಾ?" ಅಂದಳು ಒಬ್ಬಾಕಿ.

"ಏನೂ ಬರಲಿಲ್ಲ" ಅಂದು ಮುಂದಿನ ಬಿಡಾರಕ್ಕೆ ನಡೆದೆ.